ಹೊಸಬರ ಪಕ್ಕ ನಿಲ್ಲೋಣ

ಗೆಳೆಯರೇ, ರೇಡಿಯೋದಿಂದ ಹಾರಿಸುವ ಮಾದರಿ ವಿಮಾನಗಳ ಮುಂದಿನ ಏರೋಬ್ಯಾಟಿಕ್ಸ್ (ಆಕಾಶದ ಕಸರತ್ತು) ಸ್ಪರ್ಧೆಗೆ ಮೊದಲು ಒಂದು ವಿಷಯ ಹೇಳಬೇಕು.

ನಮ್ಮ ದೊಡ್ಡ ಮಾಡೆಲ್‌ಗಳನ್ನು ನೋಡಿಯೇ ಎಷ್ಟೋ ಜನ ಹಿಂದೆ ಸರಿಯುತ್ತಾರೆ. ಎಫ್3ಎ (ಇಂಥ ಸ್ಪರ್ಧೆಯ ಅಂತರರಾಷ್ಟ್ರೀಯ ವಿಭಾಗ) ನಿಯಮದ 2 ಮೀಟರ್ ಉದ್ದ ಮತ್ತು ರೆಕ್ಕೆಯಗಲ, 5 ಕಿಲೋ ತೂಕ ಎನ್ನುವುದು ಗರಿಷ್ಠ ಮಿತಿ. ಅಷ್ಟು ದೊಡ್ಡದೇ ಬೇಕು ಅಂತಲ್ಲ! ಆರಂಭದ ವಿಭಾಗಕ್ಕೆ ಲೂಪ್ (ಮೇಲೆ-ಕೆಳಗೆ ಸುತ್ತು), ರೋಲ್ (ಉದ್ದಕ್ಕೆ ಉರುಳು) ನೀಟಾಗಿ ಮಾಡುವ ಸಣ್ಣ ಫೋಮ್ ವಿಮಾನ ಸಾಕು. ಇದನ್ನು ಅವರಿಗೆ ಬಾಯಿಬಿಟ್ಟು ಹೇಳಿ.

ನನಗೆ ಜಾಸ್ತಿ ಬೇಸರ ತರುವುದು ಅಂಕಗಳ ವಿಷಯ. ಪ್ರತಿ ಕಸರತ್ತಿಗೂ 10ರಿಂದ ಶುರು ಮಾಡಿ ತಪ್ಪಿಗೆ ತಕ್ಕಂತೆ ಕಳೆಯುತ್ತೇವೆ, ಆಮೇಲೆ ಕಷ್ಟಕ್ಕೆ ತಕ್ಕ ಕೆ ಸಂಖ್ಯೆಯಿಂದ ಗುಣಿಸುತ್ತೇವೆ. ಹೊಸಬರ ಕೈಗೆ ಸಿಗುವುದು ಬರೀ ಒಂದು 5. ಯಾಕೆ 5 ಅಂತ ಯಾರೂ ಹೇಳುವುದಿಲ್ಲ. ನನ್ನ ಮೊದಲ ಸ್ಪರ್ಧೆಯಲ್ಲೂ ಹೀಗೇ ಆಯಿತು, ಮನೆಗೆ ಹೋಗುವಾಗ ತುಂಬಾ ನೊಂದುಕೊಂಡಿದ್ದೆ. ಗಾಳಿ ಬೀಸುವಾಗ ವಿಮಾನದ ಮೂತಿ ಸ್ವಲ್ಪ ಓರೆಯಾದರೂ ಪರವಾಗಿಲ್ಲ, ಅದು ಸಾಗುವ ದಾರಿ ನೇರವಾಗಿರಬೇಕು ಎಂಬ ಒಂದು ಮಾತು ಅಂದು ಯಾರಾದರೂ ಹೇಳಿದ್ದರೆ ಎಷ್ಟು ಸಹಾಯವಾಗುತ್ತಿತ್ತು!

ಹಾಗಾಗಿ ತೀರ್ಪುಗಾರರು ಸುತ್ತು ಮುಗಿದ ಮೇಲೆ ಹೊಸಬರ ಜೊತೆ ಐದು ನಿಮಿಷ ಕೂತು ಮಾತಾಡಿ. ಎರಡೇ ತಪ್ಪು ತೋರಿಸಿ, ಸಾಕು. ಚೆನ್ನಾಗಿ ಬಂದದ್ದನ್ನೂ ಹೇಳಿ.

ಇನ್ನೊಂದು, ಕಾಲರ್ ಕೆಲಸ. ಮುಂದಿನ ಕಸರತ್ತು ಯಾವುದು ಅಂತ ಪಕ್ಕದಲ್ಲಿ ನಿಂತು ಓದಿ ಹೇಳುವವರಿದ್ದರೆ ಅರ್ಧ ಭಯ ಹೋಗುತ್ತದೆ, ಅಲ್ವಾ? ಅನುಭವ ಇರುವವರು ತಲಾ ಒಬ್ಬ ಹೊಸಬರಿಗೆ ಕಾಲರ್ ಆಗಿ. ಸಿದ್ಧವಿರುವವರು ಈ ಸಂದೇಶದ ಕೆಳಗೆ ಹೆಸರು ಹಾಕಿ.