ಆರೋಗ್ಯ ಶಿಬಿರದಲ್ಲಿ ಸಿಕ್ಕ ಅಕ್ಕನಿಗೆ

ಹೆಸರು ಕೇಳುವುದನ್ನೇ ಮರೆತೆ, ಕ್ಷಮಿಸಿ. ನಮ್ಮ ಭಾಷೆಯಾಡುವವರು ಇಲ್ಲಿ ಬೆರಳೆಣಿಕೆಯಷ್ಟು. ಆಸ್ಪತ್ರೆಗೆ ಹೋದರೆ ಸುಮ್ಮನೆ ತಲೆಯಾಡಿಸಿ ಬರುವುದು ಅಮ್ಮನ ರೂಢಿ. ನೀವು ಅವರನ್ನು ಐದು ನಿಮಿಷ ವಿಶ್ರಾಂತಿಗೆ ಕೂರಿಸಿ, ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ಮೊದಲು ನಿಮ್ಮ ತೋಳಿಗೇ ಸುತ್ತಿ ತೋರಿಸಿದಿರಿ. 168/102 ಬಂತು. ತಲೆನೋವಿಲ್ಲ, ಸುಸ್ತಿಲ್ಲ, ನನಗೇನಾಗಿದೆ ಎಂದು ಅಮ್ಮ ಜಗಳಕ್ಕೇ ನಿಂತರು. ಯಾವ ಲಕ್ಷಣವನ್ನೂ ತೋರಿಸದೆ ಅಧಿಕ ರಕ್ತದೊತ್ತಡ ಹೃದಯ, ಮೂತ್ರಪಿಂಡಗಳನ್ನು ಕೆಡಿಸಬಲ್ಲದು ಎಂದು ನಮ್ಮದೇ ಭಾಷೆಯಲ್ಲಿ, ಗದರದೆ ತಿಳಿಸಿದಿರಿ. ಇನ್ನೊಂದು ದಿನ ಮತ್ತೆ ಅಳೆದಾಗಲೂ ಅಧಿಕವೆನ್ನುವ ಗಡಿ 140/90 ದಾಟಿತ್ತು. ವೈದ್ಯರ ಬಳಿಗೂ ಜೊತೆಯಲ್ಲೇ ಬಂದಿರಿ. ಕರಪತ್ರ ಅನುವಾದಿಸಿ ಹಂಚಿ ಕೈತೊಳೆದುಕೊಂಡವರನ್ನು ಕಂಡಿದ್ದೇನೆ (ಅಮ್ಮನಿಗೆ ಓದಲು ಬಾರದು!). ಈಗ ಮಾತ್ರೆ ತಪ್ಪಿಸುವುದಿಲ್ಲ. ಮುಂದಿನ ಶಿಬಿರಕ್ಕೆ ಪಕ್ಕದ ಮನೆಯವರನ್ನೂ ಎಳೆದು ತರುತ್ತಾರಂತೆ. ಧನ್ಯವಾದ, ಅಕ್ಕ.