ಡ್ರಾ ಆದ ಆಟದ ನಡೆಗಳನ್ನೂ ಹಾಕಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಕ್ರೀಡಾ ಪುಟದಲ್ಲಿ ಒಂದು ಚೆಸ್ ಸುದ್ದಿಗೆ ‘ನೀರಸ ಡ್ರಾ’ ಎಂದು ತಲೆಬರಹ ಕೊಟ್ಟಿದ್ದೀರಿ. ಒಂದು ನಡೆಯನ್ನೂ ಹಾಕಿರಲಿಲ್ಲ. ನನಗೆ ಬೇಜಾರಾಯಿತು.

2017ರ ಜನವರಿಯಲ್ಲಿ ಧಾರವಾಡದ ಗೆಳೆಯರೊಬ್ಬರ ಜೊತೆ ಅಂಚೆ ಕಾರ್ಡಿನಲ್ಲಿ ಒಂದು ಆಟ ಶುರು ಮಾಡಿದೆ. 50 ಪೈಸೆಯ ಕಾರ್ಡು, ಒಂದು ಕಾರ್ಡಿಗೆ ಒಂದು ನಡೆ. ಅಂತರರಾಷ್ಟ್ರೀಯ ಅಂಚೆ ಚೆಸ್‌ನಲ್ಲಿ ಬಳಸುವ ಹಾಗೆ ಅಂಕಿಯಲ್ಲೇ ಬರೆಯುತ್ತಿದ್ದೆವು. ಮೊದಲ ಎರಡು ಅಂಕಿ ಕಾಯಿ ಇದ್ದ ಮನೆ, ಕೊನೆಯ ಎರಡು ಅದು ಹೋದ ಮನೆ. ರಾಜನ ಮುಂದಿನ ಬಿಳಿ ಕಾಲಾಳು ಎರಡು ಮನೆ ಮುಂದೆ ಹೋದರೆ 5254.

ಬಿಳಿ ಕಾಯಿ ನನ್ನದು. ಕಪ್ಪು ಕಾಯಿಯಲ್ಲಿ ಅವರು ಆಡಿದ್ದು ಬರ್ಲಿನ್ ಡಿಫೆನ್ಸ್ ಎಂಬ ಓಪನಿಂಗ್, ಅಂದರೆ ಆಟ ಶುರು ಮಾಡುವ ಒಂದು ಕ್ರಮ. ಎಂಟನೇ ನಡೆಗೇ ಎರಡೂ ಮಂತ್ರಿಗಳು ಹೋದವು. ಕಪ್ಪು ರಾಜನಿಗೆ ಕ್ಯಾಸ್ಲಿಂಗ್ (ರಾಜ, ಆನೆ ಒಂದೇ ನಡೆಯಲ್ಲಿ ಜಾಗ ಬದಲಿಸಿ ರಾಜನನ್ನು ಭದ್ರ ಮಾಡುವುದು) ಇಲ್ಲ, ಅವರ ಎರಡು ಕಾಲಾಳು ಒಂದರ ಹಿಂದೊಂದು ಸಿಕ್ಕಿಕೊಂಡಿವೆ. ಬಿಳಿಯದ್ದೇ ಮೇಲುಗೈ ಅನ್ನಿಸುತ್ತದೆ, ಅಲ್ವಾ? ಆದರೆ ಕಪ್ಪಿಗೆ ಎರಡೂ ಒಂಟೆ ಉಳಿದಿರುತ್ತವೆ, ಬಿಳಿಗೆ ಒಳಗೆ ನುಗ್ಗಲು ದಾರಿಯೇ ಸಿಗುವುದಿಲ್ಲ. 2000ದಲ್ಲಿ ಲಂಡನ್‌ನಲ್ಲಿ ರಷ್ಯಾದ ಆಟಗಾರ ಕ್ರಾಮ್ನಿಕ್ ಇದನ್ನೇ ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್ ಎದುರು ನಾಲ್ಕು ಸಲ ಆಡಿದರು. ನಾಲ್ಕೂ ಡ್ರಾ. ಕಾಸ್ಪರೋವ್ ಆ ಪಂದ್ಯದಲ್ಲಿ ಒಂದು ಆಟವನ್ನೂ ಗೆಲ್ಲಲಾಗದೆ ಪಟ್ಟ ಕಳೆದುಕೊಂಡರು. ಆ ಡ್ರಾಗಳನ್ನು ನೀರಸ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ನಮ್ಮ ಆಟ 31ನೇ ನಡೆಯಲ್ಲಿದ್ದಾಗ 2018ರ ಆಗಸ್ಟ್ ಬಂತು. ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿಯಿತು. ನಮಗೆ ಕರೆಂಟ್ ಇಲ್ಲ, ಫೋನಿಲ್ಲ, ಟಪಾಲೂ ಇಲ್ಲ. ಮಣೆಯನ್ನು ಮಾತ್ರ ಯಾರೂ ಮುಟ್ಟದಂತೆ ಕಪಾಟಿನ ಮೇಲಿಟ್ಟಿದ್ದೆ. ಕೊನೆಗೂ ಗೆಳೆಯರ ಒಂದು ಕಾರ್ಡು ಬಂತು, ಅದರಲ್ಲಿ ಅಂಕಿಯೇ ಇರಲಿಲ್ಲ. ‘ನಡೀ ಆಮ್ಯಾಲೆ ಕಳಸ್ತೀನ್ರಿ, ಮೊದ್ಲ ನೀವೆಲ್ಲಾ ಆರಾಮ ಅದೀರೇನು ತಿಳಸ್ರಿ’ ಎಂದಷ್ಟೇ ಬರೆದಿದ್ದರು. ಆ ಕಾರ್ಡು ಈಗಲೂ ನನ್ನ ಹತ್ತಿರ ಇದೆ.

41ನೇ ನಡೆಗೆ ನಾನೇ ಡ್ರಾ ಕೇಳಿದೆ. ನನಗೆ ಒಂದು ಕಾಲಾಳು ಜಾಸ್ತಿ ಇತ್ತು. ಆದರೆ ನನ್ನ ಒಂಟೆ ಕಪ್ಪು ಮನೆಯದು, ಅವರದು ಬಿಳಿ ಮನೆಯದು; ಕಪ್ಪು ಮನೆಯ ಒಂಟೆ ಬಿಳಿ ಮನೆಯನ್ನು ಮುಟ್ಟಲಾರದು. ನನ್ನ ಕಾಲಾಳಿನ ಮುಂದಿನ ಬಿಳಿ ಮನೆಯಲ್ಲಿ ಅವರ ರಾಜ ಬಂದು ಕೂತ. ಅವನನ್ನು ಎಬ್ಬಿಸಲು ಮೂರು ವಾರ ಯೋಚಿಸಿದೆ, ಆಗಲಿಲ್ಲ.

ಇನ್ನು ಮುಂದೆ ಡ್ರಾ ಆದ ಆಟಕ್ಕೂ ಓಪನಿಂಗ್ ಹೆಸರು ಹಾಕಿ, ನಡೆಗಳನ್ನು ಕೊಡಿ. ನಾಲ್ಕು ಸಾಲು ಜಾಗ ಸಾಕು. ಮಳೆಗಾಲದ ಸಂಜೆ ಪೇಪರ್ ಪಕ್ಕದಲ್ಲಿಟ್ಟುಕೊಂಡು ಮಣೆ ಹೂಡಿ ಆಡಿ ನೋಡುವವರು ನಮ್ಮ ಕಡೆ ಇದ್ದೇವೆ.

– ನಿವೃತ್ತ ಶಾಲಾ ಶಿಕ್ಷಕ, ನಾಪೋಕ್ಲು, ಕೊಡಗು