ಮಗಳೇ, ನಿನ್ನ ಖಡ್ಗ ಸಿದ್ಧವಾಗಿದೆ

ಉಡುಪಿ, ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ಫೋಟೋ ನೋಡಿ ನೀನು ಕೇಳಿದ್ದಕ್ಕೆ ನಿನ್ನೆ ಫೋನಿನಲ್ಲಿ ಸರಿಯಾಗಿ ಉತ್ತರಿಸಲು ಆಗಲಿಲ್ಲ. "ಅಪ್ಪಾ, ಸಿನಿಮಾದ ಖಡ್ಗದಲ್ಲಿ ಅಲಗಿನ ಬುಡದ ಹತ್ತಿರ ಚೂಪು ಮೂಲೆಯ ಕಂಡಿ ಇತ್ತಲ್ಲ, ಇದರಲ್ಲಿ ಯಾಕೆ ಉರುಟಾಗಿದೆ?" ಎಂದೆ. ಆ ಕಂಡಿಗಾಗಿಯೇ ನನ್ನ ಇಡೀ ಮಳೆಗಾಲ ಕಳೆದಿದೆ.

ಏಳನೇ ತರಗತಿಯಲ್ಲಿ ನೀನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬಿಡಿಸಿದ್ದ ಆ ಖಡ್ಗದ ಚಿತ್ರವನ್ನೇ ಆಚಾರ್ಯರ ಕುಲುಮೆಗೆ ಒಯ್ದೆ. ಅವರು ಕನ್ನಡಕ ಏರಿಸಿ ನೋಡಿ, "ಇದು ನೋಡಲಿಕ್ಕೆ ಆದೀತು, ಬೀಸಲಿಕ್ಕೆ ಆಗದು" ಎಂದರು. ಸಿನಿಮಾದವರಿಗೆ ಅಷ್ಟು ಸಾಕು. ಹೊಡೆದಾಟದ ದೃಶ್ಯಗಳಿಗೆ ಅಲ್ಯೂಮಿನಿಯಂ, ರಬ್ಬರಿನ ಖಡ್ಗಗಳೂ ನಡೆಯುತ್ತವೆ. ನನಗೆ ಬೇಕಾದದ್ದು ಬಗ್ಗಿಸಿದರೆ ಬಾಗಿ, ಬಿಟ್ಟರೆ ನೇರವಾಗುವ ಉಕ್ಕು. ಉಕ್ಕು ಎಂಬ ನಮ್ಮ ಮಾತೇ ಯುರೋಪಿನವರ ಬಾಯಲ್ಲಿ 'ವೂಟ್ಜ್' ಆಯಿತೆಂದು ಬಲ್ಲವರು ಹೇಳುತ್ತಾರೆ. ಇದನ್ನು ತಿಳಿಸಿದಾಗ ಆಚಾರ್ಯರು ಸುತ್ತಿಗೆ ಕೆಳಗಿಟ್ಟು, ನನ್ನಿಂದ ಇನ್ನೊಮ್ಮೆ ಹೇಳಿಸಿ ಕೇಳಿದರು.

ಗುಜರಿಯಿಂದ ಲಾರಿಯ ಸ್ಪ್ರಿಂಗ್ ಪಟ್ಟಿ ತಂದೆವು. ನಮ್ಮ ಮನೆಯ ಕತ್ತಿಯೂ ಅಂಥ ಪಟ್ಟಿಯದೇ. ಅದರಲ್ಲಿ ಇಂಗಾಲ ಸುಮಾರು ಶೇ. 0.6 ಇರುತ್ತದೆ, ಹದ ಹಿಡಿಯಲು ಅಷ್ಟು ಬೇಕು. ಕಾಯಿಸಿ ತಟ್ಟಿ ನೇರ ಮಾಡಿದ ಮೇಲೆ ಮೂರು ವಾರ ಅರ ಹಿಡಿದು ಉಜ್ಜಿದೆ. ಚಿತ್ರದಲ್ಲಿ ಇದ್ದಂತೆಯೇ ಕಂಡಿಯ ನಾಲ್ಕೂ ಮೂಲೆಗಳನ್ನು ಚೂಪಾಗಿ ತೆಗೆದಿದ್ದೆ.

ಕಾದ ಉಕ್ಕಿನ ಬಣ್ಣ ಕಾಣಬೇಕಾದರೆ ಕತ್ತಲೆ ಬೇಕು. ಆದ್ದರಿಂದ ಸಂಜೆ ಏಳರ ಮೇಲೆ ಬೆಂಕಿಗಿಟ್ಟೆವು. ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗೆ ಉಕ್ಕನ್ನು ಅಯಸ್ಕಾಂತ ಹಿಡಿಯುವುದಿಲ್ಲ. ಉಕ್ಕು ಗಟ್ಟಿಯಾಗಬೇಕಾದರೆ ಇನ್ನೂ ಸ್ವಲ್ಪ ಕಾಯಿಸಿ ಎಣ್ಣೆಗೆ ಅದ್ದಬೇಕು. ಅದ್ದಿದೆವು. ಎಣ್ಣೆಯೊಳಗಿಂದ 'ಟಿಣ್' ಎಂದಿತು. ಒರೆಸಿ ದೀಪಕ್ಕೆ ಹಿಡಿದಾಗ ಕಂಡಿಯ ಒಂದು ಮೂಲೆಯಿಂದ ಅಂಚಿನವರೆಗೆ ಕೂದಲಿನಷ್ಟು ಸಣ್ಣ ಗೆರೆ ಕಂಡಿತು. ನಾನು ಅಲ್ಲೇ ಕುಕ್ಕುರುಗಾಲಿನಲ್ಲಿ ಕುಳಿತುಬಿಟ್ಟೆ. ಆಚಾರ್ಯರು ಗೆರೆಯ ಮೇಲೆ ಉಗುರು ಎಳೆದು, "ಮೂಲೆಯಲ್ಲೇ ಒಡೆಯಿತು ನೋಡಿ. ಅಡಿಕೆ ಹಾಳೆಯೂ ಮಡಿಸಿದ ಮೂಲೆಯಲ್ಲೇ ಹರಿಯುವುದಲ್ಲವೇ?" ಎಂದರು. ತಟ್ಟನೆ ತಣಿಯುವಾಗ ಉಕ್ಕಿನೊಳಗೆ ಏಳುವ ಸೆಳೆತವೆಲ್ಲ ಚೂಪು ಮೂಲೆಗೆ ಬಂದು ಸೇರುತ್ತದಂತೆ.

ಎರಡನೆಯದಕ್ಕೆ ಉರುಟು ಅರ ಹಿಡಿದು ನಾಲ್ಕೂ ಮೂಲೆಗಳನ್ನು ತಿದ್ದಿದೆ. ಈ ಬಾರಿ ಎಣ್ಣೆ ಸುಮ್ಮನಿತ್ತು. ಆದರೆ ಅದ್ದಿ ತೆಗೆದ ಉಕ್ಕು ಗಾಜಿನಷ್ಟು ಪೆಡಸು, ಬಿದ್ದರೆ ಮುರಿಯುತ್ತದೆ. ಆ ಪೆಡಸು ಇಳಿಸಲು ಅದನ್ನು ಹೊಳಪು ಬರುವಂತೆ ಉಜ್ಜಿ, ಕೆಂಡದ ಮೇಲೆ ಮೆಲ್ಲಗೆ ಆಡಿಸುತ್ತಾ ಹೋದರೆ ಒಣಹುಲ್ಲಿನ ಬಣ್ಣ, ಕಂದು, ನೇರಳೆ ಒಂದರ ಹಿಂದೆ ಒಂದು ಅಲಗಿನ ಮೇಲೆ ಹರಿದು ಬರುತ್ತವೆ. ನೇರಳೆ ದಾಟಿ ನೀಲಿ ಬಂದಾಗ, ಅಂದರೆ 300 ಡಿಗ್ರಿಯ ಆಸುಪಾಸಿನಲ್ಲಿ, ನಿಲ್ಲಿಸಿದೆವು. ಆ ನೀಲಿಯನ್ನು ನೀನು ನೋಡಬೇಕಿತ್ತು ಮಗಳೇ, ಮಳೆ ಬಿಟ್ಟ ದಿನದ ಮಲ್ಪೆ ಕಡಲಿನ ಹಾಗಿತ್ತು. ಮರುದಿನ ಮೊನೆಯನ್ನು ಕಂಬಕ್ಕೆ ಒತ್ತಿ ಒಂದು ಗೇಣು ಬಗ್ಗಿಸಿದೆ. ಬಿಟ್ಟೊಡನೆ ನೇರವಾಯಿತು.

ಫೋಟೋದಲ್ಲಿ ಕಾಣದ್ದು ಇನ್ನೊಂದಿದೆ. ಅಲಂಕಾರದ ಖಡ್ಗಗಳಲ್ಲಿ ಎಷ್ಟೋ ಸಲ ಹಿಡಿಯೊಳಗೆ ಸಣ್ಣ ಸರಳೊಂದನ್ನು ಬೆಸೆದಿರುತ್ತಾರೆ. ಬೀಸಿದರೆ ಅಲಗು ಕಳಚಿ ಹಾರುತ್ತದೆ. ನಿನ್ನದರಲ್ಲಿ ಅಲಗೇ ಮುಂದುವರಿದು ಹಿಡಿಯ ಉದ್ದಕ್ಕೂ ಹಾದು, ತುದಿಯಲ್ಲಿ ತಟ್ಟಿ ಬಿಗಿಯಾಗಿದೆ. ತೂಕ 1,200 ಗ್ರಾಂ.

ಅಂಚಿಗೆ ಹರಿತ ಕೊಟ್ಟಿಲ್ಲ, ಕೊಡುವುದೂ ಇಲ್ಲ. 9 ಇಂಚಿಗಿಂತ ಉದ್ದದ ಹರಿತ ಅಲಗಿನ ಖಡ್ಗ 1959ರ ಆಯುಧ ಕಾಯ್ದೆಯ ನಿಯಮಗಳ ಪಟ್ಟಿಯಲ್ಲಿ ಬರುತ್ತದೆ. ಕೆಲಸ ಶುರು ಮಾಡುವ ಮೊದಲೇ ಠಾಣೆಗೆ ಹೋಗಿ ಕೇಳಿಕೊಂಡು ಬಂದಿದ್ದೆ. ಅಮ್ಮನ ಆತಂಕವೂ ಅದೇ ಆಗಿತ್ತು, ಈಗ ಸಮಾಧಾನವಾಗಿದ್ದಾಳೆ. ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ವಾರಕ್ಕೊಮ್ಮೆ ಮೆಷಿನ್ ಎಣ್ಣೆ ಸವರುವವಳೂ ಅವಳೇ.

ಹಿಡಿಗೆ ಹಲಸಿನ ಮರ ಕೂರಿಸಿದ್ದೇನೆ. ಚರ್ಮ ಸುತ್ತುವುದು ಬಾಕಿ ಇದೆ, ಅದಕ್ಕೆ ನಿನ್ನ ಅಂಗೈಯ ಅಳತೆ ಬೇಕು. ಹಾಳೆಯ ಮೇಲೆ ಬಲಗೈ ಇಟ್ಟು, ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು ಅಂಚೆಯಲ್ಲಿ ಕಳುಹಿಸು. ನವರಾತ್ರಿಗೆ ನೀನು ಬರುವ ಹೊತ್ತಿಗೆ ಅದೂ ಮುಗಿದಿರುತ್ತದೆ. ಆಯುಧಪೂಜೆಯ ದಿನ ಅರ, ಸುತ್ತಿಗೆಗಳ ಜೊತೆಯಲ್ಲೇ ಅದನ್ನೂ ಇಡೋಣ.

ನಿನ್ನ
ಅಪ್ಪ